ತಣ್ಣನೆಯ ಮನೆಯ ಟಿಕೆಟ್ಟು

ನನ್ನ ಕೆಲಸ ಮನೆ ತಣಿಸುವುದು. ಇಪ್ಪತ್ತಾರು ವರ್ಷದಿಂದ ಅದನ್ನೇ ಮಾಡಿಕೊಂಡು ಬಂದಿದ್ದೇನೆ. ಕಷ್ಟದ ಮನೆಗಳನ್ನೂ ತಣಿಸಿದ್ದೇನೆ, ಗಂಡ ಹೆಂಡತಿ ಪಾತ್ರೆ ಎಸೆದಾಡುವ ಮನೆಗಳನ್ನೂ ತಣಿಸಿದ್ದೇನೆ. ಒಂದೇ ಒಂದು ಮನೆಯಲ್ಲಿ ನಾನು ತಪ್ಪಿದೆ. ನಮ್ಮೂರಿನವರು ಆ ಮನೆಯ ಟಿಕೆಟ್ಟನ್ನೇ ಈ ಗಿರಿಯಮ್ಮನ ಕೈಚಳಕ ಎಂದು ಇವತ್ತಿಗೂ ಹೊಗಳಿಕೊಂಡು ತಿರುಗುತ್ತಾರೆ. ಅವರ ಬಾಯಿ ಮುಚ್ಚಿಸಿ ಸಾಕಾಗಿ ಇದನ್ನು ಬರೆಯಲು ಕೂತಿದ್ದೇನೆ.

ನಮ್ಮೂರಿನಿಂದ ಹೊರಗೆ ಹೋಗಲು ವಿಮಾನ ಒಂದೇ ದಾರಿ. ಮೂರು ದಿಕ್ಕಿಗೆ ಹತ್ತಲಾಗದ ಗುಡ್ಡ, ನಾಲ್ಕನೆಯ ದಿಕ್ಕಿಗೆ ಕಾಲಿಟ್ಟರೆ ಸೊಂಟದವರೆಗೆ ಹೂತುಕೊಳ್ಳುವ ಜೌಗು. ಗುಡ್ಡದ ನೆತ್ತಿಯಿಂದ ಇಳಿಬಿಟ್ಟ ತಂತಿಯ ಮೇಲೆ ಒಂದು ಬುಟ್ಟಿ ಜಾರಿ ಬರುತ್ತದೆ, ಕಾಗದ ಪತ್ರ ಅದರಲ್ಲಿ ಬರುತ್ತವೆ, ಹೋಗುತ್ತವೆ. ಮನುಷ್ಯರು ಅದರಲ್ಲಿ ಹಿಡಿಸುವುದಿಲ್ಲ. ಮೂರು ತಿಂಗಳಿಗೊಮ್ಮೆ ಹನ್ನೆರಡು ಸೀಟಿನ ವಿಮಾನ ಬತ್ತಿದ ಕೆರೆಯಂಗಳದಲ್ಲಿ ಇಳಿಯುತ್ತದೆ. ಅದು ಏಳುವ ತೊಂಬತ್ತು ದಿನ ಮೊದಲು ಟಿಕೆಟ್ ಕಿಟಕಿ ತೆರೆಯುತ್ತಾರೆ. ಹೋಗಬೇಕಾದವರು ಹೆಸರು ಹೇಳಿದರೆ ಕಿಟಕಿಯ ಪದ್ಮರಾಜಯ್ಯ ಒಂದು ಹಲಗೆಯ ಮೇಲೆ ಆ ಹೆಸರು ಬರೆದು ಗೋಡೆಗೆ ತೂಗುಹಾಕುತ್ತಾರೆ. ಹೆಸರಿನ ಕೆಳಗೆ ದರ ತಾನಾಗಿ ಮೂಡುತ್ತದೆ, ಆಮೇಲೆ ಹೊತ್ತು ಹೊತ್ತಿಗೂ ಏರುತ್ತದೆ, ಇಳಿಯುತ್ತದೆ. ಕೊಳ್ಳುವುದು ಯಾವತ್ತು ಎನ್ನುವುದು ಕೊಳ್ಳುವವರ ಇಷ್ಟ.

ದರ ಹೋಗುವವರ ಮನೆಯ ಬಿಸಿಯನ್ನು ಅನುಸರಿಸುತ್ತದೆ. ಆ ಮನೆಯ ಒಲೆಯಲ್ಲಿ ಬೇಯಿಸಿದ್ದನ್ನು ಉಂಡವರೆಲ್ಲ ಆ ಲೆಕ್ಕಕ್ಕೆ ಬರುತ್ತಾರೆ. ಒಮ್ಮೆ ಉಂಡರೆ ವಿಮಾನ ಏಳುವ ತನಕ ಆ ಮನೆಯವರೇ. ಹೋಗಬೇಕು ಎಂಬ ಆಸೆ ಹೆಚ್ಚಿದರೆ ದರ ಹೆಚ್ಚುತ್ತದೆ. ಹೋಗಬಾರದು ಎಂಬ ಹಟ ಹೆಚ್ಚಿದರೂ ಅಷ್ಟೇ ಹೆಚ್ಚುತ್ತದೆ. ದೂರದೂರಿಗೆ ಕೊಟ್ಟ ಹುಡುಗಿಯೊಬ್ಬಳು ಹೊರಡಲಾರೆ ಎಂದು ಎರಡು ತಿಂಗಳು ಅತ್ತು ಅಪ್ಪನನ್ನು ಹಣ್ಣುಗಾಯಿ ನೀರುಗಾಯಿ ಮಾಡಿದ್ದಳು. ಇನ್ನೊಬ್ಬ ಮಹಾರಾಯ ಪ್ರಯಾಣಕ್ಕೆಂದು ಹೊಸ ಚಪ್ಪಲಿ ಕೊಂಡು ಮನೆಯೊಳಗೇ ಹಾಕಿಕೊಂಡು ಓಡಾಡಿ, ಒಂದೇ ಸಂಜೆಯಲ್ಲಿ ಎರಡು ಸಾವಿರ ಏರಿಸಿದ್ದ. ಮೊದಲ ತಿಂಗಳು ಉತ್ಸಾಹದ ದರ, ಕೊನೆಯ ತಿಂಗಳು ಗಾಬರಿಯ ದರ. ನಡುವಿನ ತಿಂಗಳಲ್ಲಿ ಜನಕ್ಕೆ ಬೇಸರ ಬರುತ್ತದೆ, ಹಬ್ಬ ಹರಿದಿನ ಬರುತ್ತವೆ, ಹಲ್ಲುನೋವು ಬರುತ್ತದೆ, ಪ್ರಯಾಣ ಮರೆತುಹೋಗುತ್ತದೆ. ಆ ಮರೆವಿನ ದಿನಗಳಲ್ಲಿ ಸರಿಯಾದ ಹೊತ್ತು ನೋಡಿ ಕೊಂಡುಬಿಡಬೇಕು. ಮನೆಯವರಿಗೆ ತಾವಾಗಿ ಮರೆಯಲು ಬರುವುದಿಲ್ಲವಲ್ಲ, ಅದಕ್ಕೇ ನನ್ನಂಥವರನ್ನು ಕರೆಸುತ್ತಾರೆ. ನಾನು ಹೋಗಿ ಅವರ ಮನೆಯಲ್ಲೇ ಉಳಿದು, ಕೆಲಸ ಹಚ್ಚಿ, ಜಗಳ ಹಚ್ಚಿ, ಹೇಗಾದರೂ ಮಾಡಿ ಮರೆಸುತ್ತೇನೆ. ಅವರ ಹಣದ ಚೀಲ ನನ್ನ ಸೊಂಟದಲ್ಲಿರುತ್ತದೆ. ಯಾರನ್ನೂ ಕೇಳದೆ ಕೊಳ್ಳುವ ಅಧಿಕಾರ ನನಗಿರುತ್ತದೆ, ಕೇಳಿದರೆ ಮತ್ತೆ ನೆನಪಾಗುತ್ತದಲ್ಲ! ನನ್ನದೊಂದೇ ನೇಮ, ಯಾಕೆ ಹೋಗುತ್ತಿದ್ದೀರಿ ಎಂದು ನಾನು ಕೇಳುವುದಿಲ್ಲ, ಅವರೂ ಹೇಳಬಾರದು. ನಾನೂ ಅವರ ಒಲೆಯ ಊಟ ಉಣ್ಣುವವಳೇ ತಾನೆ.

ಹೊಂಬಾಳಯ್ಯ ನನ್ನನ್ನು ಕರೆಯಲು ಬಂದಾಗ ಅವನ ಹುಬ್ಬಿನಲ್ಲೆಲ್ಲ ಹತ್ತಿ ಅಂಟಿಕೊಂಡಿತ್ತು. ಹಾಸಿಗೆ ಹೊಲಿಯುವವನು, ಐವತ್ತರ ಹತ್ತಿರದವನು, ಮಾತು ಕಡಿಮೆ. "ಗಿರಿಯಕ್ಕ, ನಮ್ಮನೇನೂ ಒಂಚೂರು ತಣಿಸ್ಕೊಡ್ಬೇಕು" ಎಂದ. "ಯಾರ್ ಹೋಗೋದು?" ಎಂದೆ. "ನಾನೇ. ನಾಲ್ಕು ಸಾವ್ರ ಇದೆ. ಅಷ್ಟರೊಳಗೆ ಆಗ್ಬೇಕು, ಇನ್ನು ಒಂದು ಕಾಸೂ ಹುಟ್ಟಲ್ಲ. ಯಾಕ್ ಹೋಗ್ಬೇಕು ಅಂದ್ರೆ..." ನಾನು ಕೈ ಅಡ್ಡ ಹಿಡಿದು ಬಾಯಿ ಮುಚ್ಚಿಸಿದೆ. ಅವನು ತಲೆಯಾಡಿಸಿ ಹಣದ ಚೀಲ ಕೊಟ್ಟ.

ಯಾಕೆ ಎನ್ನುವುದು ನನಗೆ ತಿಳಿದದ್ದು ಎಷ್ಟೋ ದಿನದ ಮೇಲೆ. ಆದರೆ ಓದುವವರನ್ನು ಕಾಯಿಸುವುದು ನನಗೆ ಹಿಡಿಸುವುದಿಲ್ಲ, ಈಗಲೇ ಹೇಳಿಬಿಡುತ್ತೇನೆ. ಗುಡ್ಡದಾಚೆಯ ಪೇಟೆಯಲ್ಲಿ ಅವನ ತಮ್ಮ ಶಿವರುದ್ರನಿದ್ದ. ಅವನ ಎರಡು ಕಿಡ್ನಿಯೂ ಕೆಟ್ಟಿದ್ದವು. ಬುಟ್ಟಿಯಲ್ಲಿ ರಕ್ತ ಕಳಿಸಿ ಪರೀಕ್ಷೆ ಮಾಡಿಸಿ, ಹೊಂದುವುದು ಅಣ್ಣನದೊಂದೇ ಎಂದು ಡಾಕ್ಟರು ಬರೆದಿದ್ದರು. ಈ ವಿಮಾನಕ್ಕೆ ಅಣ್ಣ ಬಂದರೆ ತಮ್ಮ ಉಳಿಯುತ್ತಾನೆ. ಮೂರು ತಿಂಗಳಾಚೆಯ ಮುಂದಿನ ವಿಮಾನದ ತನಕ ಅವನು ಇರುವುದಿಲ್ಲ. ವಿಷಯ ಇಷ್ಟೇ.

ಹೊಂಬಾಳಯ್ಯನ ಹೆಂಡತಿ ಚಲುವಾಂಬ. ಗಿಡ್ಡ ಆಳು, ಚುರುಕು ನಾಲಿಗೆ, ಗಂಡನ ಜೊತೆ ಕೂತು ದಬ್ಬಳದಲ್ಲಿ ಹಾಸಿಗೆ ಹೊಲಿಯುವವಳು. ಅವರಿಗೆ ಮಕ್ಕಳಿರಲಿಲ್ಲ. ನಾನು ಕಾಲಿಟ್ಟ ದಿನ ಅವರ ಹಲಗೆಯ ದರ ಒಂಬತ್ತು ಸಾವಿರ. ಮರುದಿನ ಹನ್ನೊಂದು. ಇಬ್ಬರೇ ಇರುವ ಮನೆಯಲ್ಲಿ ಇಷ್ಟು ಬಿಸಿಯೇ ಎಂದು ನನಗೆ ಆಶ್ಚರ್ಯವಾಯಿತು. ಗಂಡ ಕಟ್ಟೆಯ ಮೇಲೆ ಕೂತು ಆಕಾಶ ನೋಡುತ್ತಿದ್ದ, ಹೆಂಡತಿ ಒಳಗೆ ಸುಮ್ಮಸುಮ್ಮನೆ ಡಬ್ಬಿಗಳನ್ನು ಎತ್ತಿಡುತ್ತಿದ್ದಳು. "ಏನ್ ನೋಡ್ತೀರಿ ಅಲ್ಲಿ? ಮೋಡದಲ್ಲಿ ಹತ್ತಿ ಸಿಗುತ್ತಾ? ಬನ್ನಿ ಕೆಳಗೆ" ಎಂದು ಗದರಿಸಿ ಎಬ್ಬಿಸಿದೆ.

ಊರಿನವರೆಲ್ಲರ ಹಳೆಯ ಹಾಸಿಗೆಗಳನ್ನು ತರಿಸಿದೆ. ನಲವತ್ತು ಹಾಸಿಗೆ ಬಿಚ್ಚಿ, ಗಂಟುಗಟ್ಟಿದ ಹತ್ತಿ ಹಿಂಜಿ, ಬಿಸಿಲಿಗೆ ಹಾಕಿ, ಮತ್ತೆ ತುಂಬಿ ಹೊಲಿಯುವ ಕೆಲಸ. ಮನೆ ತುಂಬ ಅರಳೆ ಹಾರಾಡಿ ನಾವು ಮೂವರೂ ಕೆಮ್ಮುತ್ತಿದ್ದೆವು. ಅದು ಸಾಲದೆಂದು ಅವನೆದುರು ಅವಳ ಹೊಲಿಗೆಯೇ ನೇರ ಎಂದೆ, ಅವಳೆದುರು ಅವನದೇ ನೇರ ಎಂದೆ. ಒಂದು ವಾರ ಇಬ್ಬರೂ ದಾರ ಹಿಡಿದು ಹೊಲಿಗೆ ಅಳೆಯುತ್ತಾ ಜಗಳವಾಡಿದರು. ದಿನಾ ಮಧ್ಯಾಹ್ನ ನಾನು ಎಲೆ ಅಡಿಕೆ ತರುವ ನೆಪದಲ್ಲಿ ಕಿಟಕಿಗೆ ಹೋಗಿ ಬರುತ್ತಿದ್ದೆ. ಹತ್ತು ಸಾವಿರ, ಏಳೂವರೆ, ಆರು. ನಲವತ್ತನೆಯ ದಿನಕ್ಕೆ ಐದಕ್ಕೆ ಇಳಿಯಿತು. ನಲವತ್ತಾರನೆಯ ದಿನ ಮೂರು ಸಾವಿರದ ಎಂಟುನೂರು.

ಚೀಲದಲ್ಲಿ ನಾಲ್ಕು ಸಾವಿರವಿತ್ತು. ಕಿಟಕಿ ತೆರೆದಿತ್ತು. ಪದ್ಮರಾಜಯ್ಯ ಕನ್ನಡಕ ಮೇಲೆತ್ತಿ, "ಬರೀಲಾ ಗಿರಿಯಮ್ಮ?" ಎಂದು ಕೇಳಿದರು. ನಾನು ಬೇಡ ಎಂದೆ.

ಯಾಕೆ ಬೇಡ ಎಂದೆ ಎಂದರೆ, ನನ್ನ ಕಸುಬಿನ ಅಹಂಕಾರದಿಂದ. ಮೂರು ಸಾವಿರಕ್ಕಿಂತ ಮೇಲಿನ ಟಿಕೆಟ್ಟು ನಾನು ಅದುವರೆಗೆ ಕೊಂಡವಳೇ ಅಲ್ಲ. ಆ ಸಲ ಕೆಳಗಿನ ಬೀದಿಯ ಇನ್ನೊಬ್ಬ ತಣಿಸುವವಳು ಎರಡು ಸಾವಿರದ ಒಂಬೈನೂರಕ್ಕೆ ಕೊಂಡು ಊರೆಲ್ಲ ಸಾರಿಕೊಂಡು ಬಂದಿದ್ದಳು. ಹೊಂಬಾಳಯ್ಯನ ಮನೆ ದಿನಕ್ಕೆ ಇನ್ನೂರರಂತೆ ಇಳಿಯುತ್ತಿತ್ತು. ಇನ್ನು ಐದು ದಿನ ತಡೆದರೆ ಎರಡು ಸಾವಿರದ ಎಂಟುನೂರು ಎಂದು ನಾನು ಬೆರಳು ಮಡಿಚಿದೆ. ನಮ್ಮೂರಿನಲ್ಲಿ ಕೆಡುವವರೆಲ್ಲ ಹೀಗೇ ಕೆಡುವುದು. ದರ ಏರುವಾಗ ಯಾರೂ ಮೋಸ ಹೋಗುವುದಿಲ್ಲ, ಇಳಿಯುತ್ತಿರುವಾಗಲೇ ಹೋಗುವುದು. ಇಪ್ಪತ್ತಾರು ವರ್ಷ ಇದನ್ನು ಬೇರೆಯವರಿಗೆ ಹೇಳಿಕೊಂಡು ಬಂದವಳು ನಾನು.

ಮರುದಿನ ಬೆಳಿಗ್ಗೆ ಬುಟ್ಟಿಯಲ್ಲಿ ಕಾಗದ ಬಂತು. ನಾನು ಹಿತ್ತಲಲ್ಲಿ ಹತ್ತಿ ಹರವುತ್ತಿದ್ದೆ. ಒಳಗಿನಿಂದ ಚಲುವಾಂಬ ಓದುವುದು ಕೇಳಿಸಿತು, ಕಿವಿ ಮುಚ್ಚಿಕೊಳ್ಳೋಣವೆಂದರೆ ಎರಡು ಕೈಯಲ್ಲೂ ಅರಳೆ. "ಅತ್ತಿಗೆ, ಕಾಲು ಊದಿಕೊಂಡಿದೆ, ಚಪ್ಪಲಿ ಹಿಡಿಸುತ್ತಿಲ್ಲ. ಡಾಕ್ಟರು ದಿನಾಂಕ ಗೊತ್ತುಮಾಡಿದ್ದಾರೆ. ಅಣ್ಣನ ಟಿಕೆಟ್ ಆಯಿತಾ? ಆಗದಿದ್ದರೆ ಬೇಜಾರು ಮಾಡಿಕೊಳ್ಳಬೇಡಿ" ಎಂದು ಬರೆದಿದ್ದ. ಚಲುವಾಂಬ ಅಲ್ಲಿಗೇ ನಿಲ್ಲಿಸಿದಳು. ನಾನು ಒಳಗೆ ಹೋದೆ. ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ, ಅವಳೇ ಎಲ್ಲ ಹೇಳಿದಳು. ಶಿವರುದ್ರ ಆರು ವರ್ಷದವನಿದ್ದಾಗ ಅವಳು ಆ ಮನೆಗೆ ಸೊಸೆಯಾಗಿ ಬಂದದ್ದು. ಅತ್ತೆ ಇರಲಿಲ್ಲ. ಅವನಿಗೆ ತಲೆ ಬಾಚಿದವಳು, ಅನ್ನ ಕಲಸಿ ತಿನ್ನಿಸಿದವಳು, ಜ್ವರ ಬಂದಾಗ ಮಡಿಲಲ್ಲಿ ಮಲಗಿಸಿಕೊಂಡವಳು ಅವಳೇ.

"ನನ್ ಮಗನ್ ಥರ ಗಿರಿಯಕ್ಕ" ಎಂದಳು. ಆಮೇಲೆ ಗಂಡ ಹೊರಗೆ ಹೋಗಿರುವುದನ್ನು ಖಚಿತಪಡಿಸಿಕೊಂಡು, ತಗ್ಗಿದ ದನಿಯಲ್ಲಿ, "ಆದ್ರೆ ಇವರ ಹೊಟ್ಟೆ ಕೊಯ್ದು ಅವನ ಹೊಟ್ಟೆಗೆ ಇಡ್ತಾರಂತೆ. ಇವರಿಗೆ ಹೆಚ್ಚುಕಮ್ಮಿ ಆದ್ರೆ ನಂಗ್ಯಾರಿದಾರೆ ಹೇಳಿ? ಹೋಗ್ಬೇಡಿ ಅನ್ನೋಕೂ ಬಾಯಿಲ್ಲ, ಹೋಗಿ ಅನ್ನೋಕೂ ಬಾಯಿಲ್ಲ" ಎಂದಳು. ಅಲ್ಲಿಗೆ ನನ್ನ ಕಸುಬು ಕೆಟ್ಟಿತು. ಅವತ್ತು ಮಧ್ಯಾಹ್ನ ಹಲಗೆಯ ಮೇಲೆ ಹದಿನಾಲ್ಕು ಸಾವಿರವಿತ್ತು. ಅದರಲ್ಲಿ ನನ್ನ ಪಾಲೂ ಇತ್ತು ಎನ್ನುವುದು ನನಗೆ ಗೊತ್ತು.

ಅಲ್ಲಿಂದ ಮುಂದಿನ ದಿನಗಳನ್ನು ನೆನೆದರೆ ಈಗಲೂ ಮೈ ಬಿಸಿಯಾಗುತ್ತದೆ. ನನ್ನ ವಿದ್ಯೆಯನ್ನೆಲ್ಲ ಖರ್ಚು ಮಾಡಿದೆ. ಮನೆಗೆ ಸುಣ್ಣ ಹೊಡೆಸಿದೆ. ಹಪ್ಪಳ ಒತ್ತಿಸಿದೆ. ಪಕ್ಕದ ಮನೆಯವಳ ಮೇಲೆ ಹಾಸಿಗೆ ಕದ್ದಳೆಂದು ಸುಳ್ಳು ಆರೋಪ ಹೊರಿಸಿ ಬೀದಿಗೆ ಬೀದಿಯೇ ಸೇರುವ ಜಗಳ ಎಬ್ಬಿಸಿದೆ. ಹೊಂಬಾಳಯ್ಯ ಜಗಳದ ನಡುವೆಯೇ ಕೈ ಹೊಟ್ಟೆಯ ಪಕ್ಕಕ್ಕೆ ಒಯ್ದು ಸವರಿಕೊಳ್ಳುತ್ತಿದ್ದ. ಅದನ್ನು ನೋಡಿ ಚಲುವಾಂಬ ಮಾತು ಮರೆಯುತ್ತಿದ್ದಳು. ಅವಳನ್ನು ನೋಡಿ ನಾನು ಮರೆಯುತ್ತಿದ್ದೆ. ಮೂವರೂ ಒಂದೇ ಒಲೆಯ ಬಿಸಿಯಲ್ಲಿ ಬೇಯುತ್ತಿದ್ದೆವು. ಇಪ್ಪತ್ತು ದಿನ ಉಳಿದಾಗ ಹದಿನೈದು ಸಾವಿರ. ಹನ್ನೆರಡು ದಿನ ಉಳಿದಾಗ ಹದಿನಾರೂವರೆ.

ಅವರಿಬ್ಬರೂ ಹಲಗೆಯ ಹತ್ತಿರ ಸುಳಿಯುವಂತಿರಲಿಲ್ಲ, ಆದರೆ ಊರಿಗೆಲ್ಲ ಕಣ್ಣಿದೆಯಲ್ಲ, ಯಾರೋ ಬಂದು ಹೇಳಿಯೇ ಹೇಳುತ್ತಿದ್ದರು. "ಹದಿನಾರೂವರೆ ಅಂತೆ" ಎಂದು ಒಂದು ಸಂಜೆ ಹೊಂಬಾಳಯ್ಯನೇ ಹೇಳಿದ. ಅವನ ದನಿ ಅಳು ಬರುವಂತಿರುತ್ತದೆ ಎಂದುಕೊಂಡಿದ್ದೆ. ಇರಲಿಲ್ಲ. "ನಾವೇನ್ ಮಾಡೋಕಾಗುತ್ತೆ" ಎಂದು ಚಲುವಾಂಬ ಉತ್ತರ ಕೊಟ್ಟಳು. ಅವಳ ದನಿಯೂ ಹಗುರವಾಗಿತ್ತು. ಅವತ್ತು ಅದನ್ನು ನಾನು ಗಮನಿಸಬೇಕಾಗಿತ್ತು. ದಣಿವು ಎಂದುಕೊಂಡು ಸುಮ್ಮನಾದೆ.

ಆಮೇಲೆ ಮನೆ ಬದಲಾಯಿತು. ಹೊಂಬಾಳಯ್ಯ ಎರಡನೆಯ ಸಲ ಅನ್ನ ಹಾಕಿಸಿಕೊಳ್ಳತೊಡಗಿದ. ಚಲುವಾಂಬ ದಾರ ಎಳೆಯುತ್ತಾ ಗುನುಗುತ್ತಿದ್ದಳು. ಮುಂದಿನ ತಿಂಗಳು ಛತ್ರದವರಿಗೆ ಇಪ್ಪತ್ತು ದಿಂಬು ಒಪ್ಪಿಕೊಳ್ಳೋಣವೇ ಎಂದು ಅವನು ಕೇಳಿದ, ಒಪ್ಪಿಕೊಳ್ಳಿ ಎಂದು ಅವಳು ಹೇಳಿದಳು. ಮುಂದಿನ ತಿಂಗಳು ಅವನು ಇಲ್ಲಿರಬಾರದಲ್ಲ! ನಾನು ಮಂಕುಬಡಿದವಳ ಹಾಗೆ ಸಂತೋಷಪಟ್ಟೆ. ಕೊನೆಯ ಗಳಿಗೆಯಲ್ಲಾದರೂ ತಣಿಸಿದೆನಲ್ಲ ಎಂದು ಬೆನ್ನು ತಟ್ಟಿಕೊಂಡೆ. ಆದರೂ ಹಲಗೆ ನೋಡಲು ಹೋಗಲಿಲ್ಲ, ದರ ಹೇಳಲು ಬಂದವರನ್ನೂ ಬಾಯಿ ತೆರೆಯುವ ಮೊದಲೇ ಬಾಗಿಲಿನಲ್ಲೇ ಅಟ್ಟಿದೆ. ನೋಡಿದರೆ ನನ್ನ ಆಸೆ ಕೆರಳಿ ಕೆಲಸ ಕೆಡುತ್ತದೆ, ಕಿಟಕಿ ಮುಚ್ಚುವ ದಿನವೇ ಹೋಗೋಣ ಎಂದು ಕೈಕಟ್ಟಿ ಕೂತೆ.

ವಿಮಾನ ಏಳುವುದಕ್ಕೆ ಮೂರು ದಿನ ಮೊದಲು, ಮಧ್ಯಾಹ್ನ ನಾಲ್ಕಕ್ಕೆ ಟಿಕೆಟ್ ಕಿಟಕಿ ಮುಚ್ಚುತ್ತದೆ. ಆ ದಿನ ಊಟ ಮುಗಿಸಿ ಎಲೆ ಅಡಿಕೆ ತರಲು ಹೊರಟೆ. ಚಲುವಾಂಬ ಕೈ ಒರೆಸಿಕೊಳ್ಳುತ್ತಾ ಬಂದು ಒಂದು ಕಾರ್ಡು ಕೊಟ್ಟಳು. "ಹಾಗೇ ದಾರೀಲಿ ಬುಟ್ಟಿಗೆ ಹಾಕ್ಬಿಡಿ ಗಿರಿಯಕ್ಕ." ತೆರೆದ ಕಾರ್ಡು, ಕಣ್ಣು ತಾನಾಗಿ ಹೋಯಿತು. ದುಂಡಗಿನ ಅಕ್ಷರ, ಒಂದು ಚಿತ್ತೂ ಇರಲಿಲ್ಲ. "ಚಿರಂಜೀವಿ ಶಿವರುದ್ರನಿಗೆ ಆಶೀರ್ವಾದಗಳು. ದರ ಇಳಿಯಲೇ ಇಲ್ಲ ಕಣಪ್ಪ. ನಾವು ಮಾಡುವುದನ್ನೆಲ್ಲ ಮಾಡಿದೆವು. ಗಿರಿಯಕ್ಕನನ್ನೂ ಕರೆಸಿದೆವು. ನಮ್ಮ ಹಣೆಬರಹ. ಅಣ್ಣನ ಮೇಲೆ ಬೇಸರ ಬೇಡ." ಕೆಳಗೆ ಹೊಂಬಾಳಯ್ಯನ ರುಜುವೂ ಇತ್ತು.

ಬೀದಿಯ ತಿರುವಿನಲ್ಲಿ ನಿಂತುಬಿಟ್ಟೆ. ಆಗ ನನಗೆ ಆ ಮನೆ ಅರ್ಥವಾಯಿತು. ಅದು ನನ್ನಿಂದ ತಣಿದಿರಲಿಲ್ಲ. ಎಷ್ಟೋ ದಿನದ ಹಿಂದೆ ಅವರಿಬ್ಬರೂ ಒಂದು ಮಾತೂ ಆಡದೆ ಶಿವರುದ್ರನ ಕೈ ಬಿಟ್ಟಿದ್ದರು. ಹದಿನಾರೂವರೆ ಸಾವಿರ ಎಂಬ ಸಂಖ್ಯೆಯ ಹಿಂದೆ ಅವಿತುಕೊಂಡು ನೆಮ್ಮದಿಯಾಗಿದ್ದರು. ಹೋಗಬೇಕು ಎಂಬುದೂ ಇಲ್ಲ, ಹೋಗಬಾರದು ಎಂಬುದೂ ಇಲ್ಲ. ಕಾರ್ಡನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ, ಬುಟ್ಟಿಯ ಕಡೆ ಹೋಗಲಿಲ್ಲ. ಕಿಟಕಿಯ ಕಡೆಗೆ ನಡೆದೆ, ಕೊನೆಯ ನೂರು ಮಾರು ಓಡಿದೆ ಎಂದೇ ಹೇಳಬೇಕು.

ಹಲಗೆಯ ಮೇಲೆ ಮುನ್ನೂರ ಹತ್ತು ಇತ್ತು.

"ನನ್ ಸರ್ವೀಸಲ್ಲೇ ಇಂಥದ್ದು ನೋಡಿಲ್ಲ" ಎಂದರು ಪದ್ಮರಾಜಯ್ಯ. "ನಾಲ್ಕು ದಿನದಿಂದ ಹೀಗೇ ಬಿದ್ದಿದೆ. ನೀವು ಯಾಕ್ ಬರ್ಲಿಲ್ಲ? ಇನ್ನು ಹತ್ತು ನಿಮಿಷ ಇದೆ. ಬರೀಲಾ?" ಇದು ನನ್ನ ಹಣವಲ್ಲ. ಆ ಮನೆಯವರಿಗೆ ಈಗ ಟಿಕೆಟ್ಟು ಬೇಡ. ಕೊಳ್ಳದೆ ಹೋದರೆ ಅವರ ಸುಳ್ಳು ನಿಜವಾಗಿಯೇ ಉಳಿಯುತ್ತದೆ, ದಿಂಬು ಹೊಲಿದುಕೊಂಡು ಸುಖವಾಗಿರುತ್ತಾರೆ. ಕೊಂಡರೆ ಅವನ ಹೊಟ್ಟೆ ಕೊಯ್ಯುತ್ತಾರೆ. ಅವನಿಗೇನಾದರೂ ಆದರೆ ಚಲುವಾಂಬನ ಮುಂದೆ ನಾನು ಯಾವ ಮುಖ ಹೊತ್ತು ನಿಲ್ಲಲಿ? ಊದಿದ ಕಾಲಿಗೆ ಚಪ್ಪಲಿ ಹಿಡಿಸದ ಒಬ್ಬ ಮನುಷ್ಯ ಗುಡ್ಡದಾಚೆ ಕೂತು ಬುಟ್ಟಿಯ ದಾರಿ ನೋಡುತ್ತಿದ್ದ. ಅವನು ಬದುಕಲಿ ಎಂದು ನನಗೆ ಅನ್ನಿಸಿತು. ತುಂಬಾ ಅನ್ನಿಸಿತು.

"ಏರ್ತಾ ಇದೆ!" ಎಂದರು ಪದ್ಮರಾಜಯ್ಯ. ತಲೆಯೆತ್ತಿದೆ. ಮುನ್ನೂರ ಎಪ್ಪತ್ತು. ನಾನು ನೋಡುತ್ತಿದ್ದಂತೆಯೇ ನಾನೂರ ಹತ್ತಾಯಿತು, ನಾನೂರ ಅರವತ್ತಾಯಿತು. ಅದು ನನ್ನೊಬ್ಬಳದೇ ಬಿಸಿ. ಇಪ್ಪತ್ತಾರು ವರ್ಷ ಊರಿಗೆಲ್ಲ ಮರೆಯುವುದನ್ನು ಕಲಿಸಿದವಳು ನಾನು, ನನ್ನ ಮೇಲೆಯೇ ವಿದ್ಯೆ ನಡೆಸಿ ನೋಡಿದೆ. ತೊಗರಿಬೇಳೆಯಲ್ಲಿ ಕಲ್ಲು ಆರಿಸುವುದನ್ನು ನೆನೆದೆ. ನನ್ನ ಮಂಡಿನೋವನ್ನು ನೆನೆದೆ. ಐನೂರ ಇಪ್ಪತ್ತು. ಯಾವುದೂ ನಾಟಲಿಲ್ಲ. ನಾಲ್ಕು ಸಾವಿರ ದಾಟಿದರೆ ಮುಗಿಯಿತು, ಅಲ್ಲಿಂದ ಮೇಲೆ ಚೀಲದಲ್ಲಿ ಕಾಸಿಲ್ಲ. ಇನ್ನು ಯೋಚಿಸಿದಷ್ಟೂ ಏರುತ್ತದೆ. ಚೀಲ ಕಿತ್ತು ಕಟ್ಟೆಯ ಮೇಲೆ ಸುರಿದೆ. "ಬರೀರಿ, ಬೇಗ ಬರೀರಿ!" ಎಂದು ಕಿರುಚಿದೆ. ಅವರು ಮುದ್ರೆ ಒತ್ತುವ ಹೊತ್ತಿಗೆ ಆರುನೂರ ನಲವತ್ತು ಆಗಿತ್ತು. ಟಿಕೆಟ್ಟಿನ ಮೇಲೆ ಅಷ್ಟೇ ಬಿದ್ದಿತು. ಮುನ್ನೂರ ಹತ್ತು ಆ ಮನೆಯದು, ಉಳಿದದ್ದು ನನ್ನದು.

ಮನೆಗೆ ಬಂದಾಗ ಗಂಡ ಹೆಂಡತಿ ಹಜಾರದಲ್ಲಿ ಕೂತು ದಿಂಬಿನ ಬಟ್ಟೆ ಕತ್ತರಿಸುತ್ತಿದ್ದರು. ನಾನು ಟಿಕೆಟ್ಟನ್ನೂ ಕಾರ್ಡನ್ನೂ ಅವರ ಮುಂದೆ ಬಟ್ಟೆಯ ಮೇಲೆ ಇಟ್ಟೆ. ಕತ್ತರಿ ನಿಂತಿತು. ಹೊಂಬಾಳಯ್ಯ ಟಿಕೆಟ್ಟನ್ನು ಎತ್ತಿಕೊಂಡು ದರ ಓದಿದ, ಇನ್ನೊಮ್ಮೆ ಓದಿದ. "ಇದು ನಮ್ಮನೇದಾ?" ಎಂದ. ನಾನು ತಲೆಯಾಡಿಸಿದೆ. ನಮ್ಮೂರಿನಲ್ಲಿ ಹುಟ್ಟಿದವನಿಗೆ ಅದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಅವನ ಮುಖ ಸುಣ್ಣದ ಹಾಗಾಯಿತು.

ಚಲುವಾಂಬ ಎದ್ದು ನಿಂತಳು. "ನಿಮ್ಗೆ ಯಾರ್ ತರೋಕ್ ಹೇಳಿದ್ರು?"

"ನೀವೇ ಕಣಮ್ಮ. ತರಲಿ ಅಂತಲ್ವಾ ನನ್ನ ಕರ್ಸಿದ್ದು?"

"ಆವಾಗ ತರಬೇಕಿತ್ತು!" ಅವಳು ಕೂಗಿದ ಕೂಗಿಗೆ ಪಕ್ಕದ ಮನೆಯ ಬಾಗಿಲು ತೆರೆಯಿತು. "ಮೂರು ಸಾವಿರದ ಎಂಟುನೂರು ಇತ್ತಲ್ಲ ಅವತ್ತು? ನಂಗೊತ್ತಿಲ್ಲ ಅಂದ್ಕೊಂಡ್ರಾ? ಊರಿಗೆಲ್ಲ ಗೊತ್ತು. ಚೀಲದಲ್ಲಿ ದುಡ್ಡು ಇಟ್ಕೊಂಡು, ಇನ್ನೂ ಇಳೀಲಿ ಅಂತ ಕಾದ್ರಲ್ಲ! ಅವತ್ತು ತಂದಿದ್ರೆ ಇವರನ್ನ ಅಳ್ತಾ ಕಳಿಸ್ತಿದ್ದೆ. ಕಳಿಸ್ತಿದ್ದೆ ಗಿರಿಯಕ್ಕ! ನಾವ್ ಹೀಗ್ ಆಗ್ತಿರ್ಲಿಲ್ಲ."

ಅವಳು ಹೇಳಿದ್ದು ನಿಜ. ನಲವತ್ತಾರನೆಯ ದಿನ ನಾನು ಕೊಂಡಿದ್ದರೆ ಆ ಇಬ್ಬರು ಒಳ್ಳೆಯವರಾಗಿಯೇ ಉಳಿಯುತ್ತಿದ್ದರು. ತಮ್ಮೊಳಗೆ ಇಂಥದ್ದೊಂದು ಇದೆ ಎಂದು ಅವರಿಗೆ ಗೊತ್ತೇ ಆಗುತ್ತಿರಲಿಲ್ಲ. "ತಪ್ಪು ನಂದೇ" ಎಂದೆ.

ಹೊಂಬಾಳಯ್ಯ ಕಾರ್ಡನ್ನು ನೋಡುತ್ತಾ ಕೂತಿದ್ದ. "ಗಿರಿಯಕ್ಕನ್ನ ಬೈಬೇಡ ಚಲುವಿ" ಎಂದ. "ನಾನ್ ಹೆದರ್ಕೊಂಡಿದ್ದೆ ಕಣೆ. ದರ ಏರಿದೆ ಅಂದಾಗೆಲ್ಲ ಒಳಗೊಳಗೇ ಖುಷಿ ಆಗ್ತಿತ್ತು. ಆ ಹದಿನಾರೂವರೆ ಕೇಳ್ದಾಗಂತೂ ಎದೆ ಮೇಲಿಂದ ಚಪ್ಪಡಿ ಇಳಿಸಿದ ಹಾಗಾಯ್ತು. ನೀನು ಕಾರ್ಡ್ ಬರ್ದಾಗ ನಾನು ರುಜು ಹಾಕೋಕೆ ಒಂದ್ ಕ್ಷಣಾನೂ ತಡ ಮಾಡ್ಲಿಲ್ಲ." ಚಲುವಾಂಬ ಗೋಡೆ ಹಿಡಿದು ಕೂತಳು. "ನಂಗೂ ಖುಷಿ ಆಗಿತ್ತು" ಎಂದಳು. "ಅವನು ನನ್ ಮಡ್ಲಲ್ಲಿ ಬೆಳ್ದವನು. ನಂಗೂ ಖುಷಿ ಆಗಿತ್ತು."

ಯಾರೂ ಅಳಲಿಲ್ಲ. ಅತ್ತಿದ್ದರೆ ವಾಸಿಯಿತ್ತು. ಹೊಂಬಾಳಯ್ಯ ಎದ್ದು, ಕಾರ್ಡನ್ನು ನಾಲ್ಕು ಚೂರು ಮಾಡಿ ಒಲೆಗೆ ಹಾಕಿ ಬಂದ. "ನನ್ನ ನೀಲಿ ಅಂಗಿ ಎಲ್ಲಿಟ್ಟಿದೀಯೆ?" ಎಂದು ಕೇಳಿದ. ಅವಳು ಪೆಟ್ಟಿಗೆ ತೆರೆದಳು.

ವಿಮಾನ ಏಳುವ ಬೆಳಿಗ್ಗೆ ಅರ್ಧ ಊರು ಕೆರೆಯಂಗಳದಲ್ಲಿ ಸೇರುತ್ತದೆ. ಬೇಲಿಯ ಬಾಗಿಲಲ್ಲಿ ಟಿಕೆಟ್ ನೋಡುವವನು ಒಬ್ಬೊಬ್ಬರದೇ ಹೆಸರು ಮತ್ತು ದರ ಗಟ್ಟಿಯಾಗಿ ಕೂಗಿ ಒಳಗೆ ಬಿಡುತ್ತಾನೆ. ಕಡಿಮೆ ದರಕ್ಕೆ ಜನ ಚಪ್ಪಾಳೆ ಹೊಡೆಯುತ್ತಾರೆ, ಹೆಚ್ಚಿನ ದರಕ್ಕೆ ಲೊಚಗುಟ್ಟುತ್ತಾರೆ. ನಮ್ಮೂರಿನಲ್ಲಿ ಅದೊಂದು ತಮಾಷೆ. ಹೊಂಬಾಳಯ್ಯನ ಸರದಿ ಬಂತು. ಅವನು ಟಿಕೆಟ್ಟನ್ನು ಕೈಯಲ್ಲಿ ಮಡಿಚಿಕೊಂಡು, "ಸ್ವಾಮಿ, ನಂದು ಕೂಗ್ಬೇಡಿ" ಎಂದು ಮೆಲ್ಲಗೆ ಕೇಳಿಕೊಂಡ. ಬಾಗಿಲಿನವನು ಟಿಕೆಟ್ಟು ಬಿಚ್ಚಿ ನೋಡಿದ, ಅವನ ಕಣ್ಣು ಅರಳಿತು. ಇವನಿಗೆ ನಾಚಿಕೆ ಎಂದುಕೊಂಡನೋ ಏನೋ, ಒಂದು ಸ್ಟೂಲಿನ ಮೇಲೆ ಹತ್ತಿ ನಿಂತ. "ಹಾಸಿಗೆ ಹೊಂಬಾಳಯ್ಯ! ಆರುನೂರ ನಲವತ್ತು!"

ಅಷ್ಟು ಚಪ್ಪಾಳೆಯನ್ನು ನಾನು ಆ ಅಂಗಳದಲ್ಲಿ ಎಂದೂ ಕೇಳಿರಲಿಲ್ಲ. ಯಾರೋ ಶಿಳ್ಳೆ ಹಾಕಿದರು. ಹುಡುಗಿಯರು ಅವನ ಮೇಲೆ ಕಡಲೆಪುರಿ ಎರಚಿದರು. "ಗಿರಿಯಮ್ಮಂಗೆ ಜೈ!" ಎಂದರು. ನನ್ನ ಪಕ್ಕದಲ್ಲಿ ಚಲುವಾಂಬ ಸೆರಗನ್ನು ಬಾಯಿಗೆ ತುರುಕಿಕೊಂಡು ನಿಂತಿದ್ದಳು. ಹೊಂಬಾಳಯ್ಯ ತಲೆ ತಗ್ಗಿಸಿ ಆ ಚಪ್ಪಾಳೆಯ ನಡುವೆ ನಡೆದ. ಹೊಡೆತ ತಿನ್ನುತ್ತಾ ನಡೆಯುವವರು ಹಾಗೆ ನಡೆಯುವುದನ್ನು ನೋಡಿದ್ದೇನೆ. ಮೆಟ್ಟಿಲ ಹತ್ತಿರ ಒಮ್ಮೆ ತಿರುಗಿ ಹೆಂಡತಿಯನ್ನು ಹುಡುಕಿದ. ಅವಳು ಕೈ ಎತ್ತಿದಳು. ಅವನಿಗೆ ಕಾಣಿಸಿತೋ ಇಲ್ಲವೋ, ಹಿಂದಿನವರು ಒತ್ತಿದರು, ಅವನು ಒಳಗೆ ಹೋದ.

ವಿಮಾನ ಗುಡ್ಡ ದಾಟುವ ತನಕ ಚಲುವಾಂಬ ಅಲುಗಲಿಲ್ಲ. ಆಮೇಲೆ ನನ್ನನ್ನು ಬಿಟ್ಟು ಬಿರಬಿರನೆ ನಡೆದಳು. ಮನೆಯ ಕಡೆಗಲ್ಲ, ಟಿಕೆಟ್ ಕಿಟಕಿಯ ಕಡೆಗೆ. ನಾನು ಹಿಂದೆಯೇ ಓಡಿದೆ. ಹೋದವರ ಮರುಪ್ರಯಾಣದ ಹಲಗೆಯನ್ನೂ ಇಲ್ಲೇ, ಅವರ ಮನೆಯ ಒಲೆಯ ಲೆಕ್ಕದ ಮೇಲೆಯೇ ತೆರೆಯುವುದು. ಯಾರೂ ಆ ದಿನವೇ ತೆರೆಸುವುದಿಲ್ಲ, ಬೀಳ್ಕೊಟ್ಟ ಸಂಕಟ ಆರಲಿ ಎಂದು ಎರಡು ವಾರ ಕಾಯುತ್ತಾರೆ. "ಹೊಂಬಾಳಯ್ಯ" ಎಂದಳು ಚಲುವಾಂಬ ಕಿಟಕಿಯಲ್ಲಿ, ಜೀವಮಾನದಲ್ಲೇ ಮೊದಲ ಸಲ ಗಂಡನ ಹೆಸರು ಹೇಳಿದಳು. "ವಾಪಸ್ ಬರೋದಕ್ಕೆ ಬರೀರಿ."

"ಇವತ್ತು ಬೇಡ ತಾಯಿ, ಹದಿನೈದು ದಿನ ಬಿಟ್ಟು ಬನ್ನಿ" ಎಂದರು ಪದ್ಮರಾಜಯ್ಯ. ಅವಳು ಕದಲಲಿಲ್ಲ. ಅವರು ಬರೆದು ತೂಗುಹಾಕಿದರು.

ಸಂಖ್ಯೆ ಮೂಡತೊಡಗಿತು. ಇಪ್ಪತ್ತು ಸಾವಿರ ದಾಟಿತು, ಐವತ್ತು ದಾಟಿತು. ಸಂಖ್ಯೆಗಳು ಹಲಗೆಯ ಈ ಅಂಚಿನಿಂದ ಆ ಅಂಚಿಗೆ ಹೋಗಿ, ಜಾಗ ಸಾಲದೆ ಒಂದರ ಮೇಲೊಂದು ಒತ್ತಿಕೊಂಡವು. ಓದಲಿಕ್ಕೇ ಆಗಲಿಲ್ಲ. ಪದ್ಮರಾಜಯ್ಯ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಚಲುವಾಂಬ ಕತ್ತೆತ್ತಿ ಅದನ್ನೇ ನೋಡುತ್ತಾ ನಿಂತಳು, ಆಗ ಅವಳಿಗೆ ಅಳು ಬಂತು. ಸದ್ದು ಮಾಡಿಕೊಂಡು, ಮೂಗು ಒರೆಸಿಕೊಳ್ಳದೆ ಅತ್ತಳು.

ಅವಳ ಅಳು ಇಳಿಯುವ ತನಕ ಕಾದು, ನನ್ನ ಕಸುಬಿನವಳು ಕೇಳಬೇಕಾದ್ದನ್ನು ಕೇಳಿದೆ. "ಮನೇಗ್ ಬರ್ಲಾ ಚಲುವಾಂಬ? ತಣಿಸೋಕೆ?"

"ಈಗ್ಲೇ ಬೇಡ ಗಿರಿಯಕ್ಕ" ಎಂದಳು ಅವಳು. "ಇನ್ನೊಂದ್ ನಾಲ್ಕ್ ದಿನ ಈ ಬಿಸಿ ಹಾಗೇ ಇರ್ಲಿ."